ಕತ್ತಿಯಿಂದ ಗೆದ್ದ ನೆಲವೇ? ನಾರ್ಮನ್ ಸರದಾರ ವಿಲಿಯಂ ದ ವಾರೆನ್‌ನ ಹಿಡುವಳಿಗಳ ಪ್ರಕರಣ

ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1278ರಿಂದ ತನ್ನ ರಾಜ್ಯದ ದೊಡ್ಡ ಒಡೆಯರನ್ನೆಲ್ಲ ಒಂದು ಪ್ರಶ್ನೆ ಕೇಳತೊಡಗಿದ: ನೀವು ಅನುಭವಿಸುತ್ತಿರುವ ಹಕ್ಕುಗಳಿಗೆ ಆಧಾರವೇನು, ತೋರಿಸಿ. ಸರ್ರೆಯ ಅರ್ಲ್ (ಉನ್ನತ ಪದವಿಯ ಸರದಾರ) ಜಾನ್ ದ ವಾರೆನ್ ನ್ಯಾಯಾಧೀಶರ ಮುಂದೆ ತುಕ್ಕು ಹಿಡಿದ ಹಳೆಯ ಕತ್ತಿಯೊಂದನ್ನು ಎತ್ತಿ ಹಿಡಿದು, ಇದೇ ನನ್ನ ದಾಖಲೆ ಎಂದನಂತೆ. ನನ್ನ ಪೂರ್ವಿಕರು ರಾಜ ವಿಲಿಯಂನ ಜೊತೆ ಬಂದು ಕತ್ತಿಯಿಂದ ಈ ನೆಲವನ್ನು ಗೆದ್ದರು, ಕತ್ತಿಯಿಂದಲೇ ನಾನು ಇದನ್ನು ಕಾಯುತ್ತೇನೆ ಎಂದು ಗುಡುಗಿದನಂತೆ. ಗಿಸ್‌ಬರೋ ಮಠದ ವಾಲ್ಟರ್ ಎಂಬ ಚರಿತ್ರೆಕಾರ ಬರೆದಿಟ್ಟ ಈ ಪ್ರಸಂಗ ನಿಜವಾಗಿ ನಡೆದಿತ್ತೇ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ಆದರೂ ನಾರ್ಮನ್ ಸರದಾರರ ಆಸ್ತಿಯ ಮಾತು ಬಂದಾಗಲೆಲ್ಲ ಈ ಕತ್ತಿ ಹೊರಬರುತ್ತದೆ, ಕೇಳಿದವರು ತಲೆದೂಗುತ್ತಾರೆ.

ಈ ಮಾತನ್ನು ಪರೀಕ್ಷಿಸಲು ಆ ಮನೆತನದ ಮೂಲಪುರುಷನ ಬದುಕಿಗಿಂತ ಒಳ್ಳೆಯ ಪ್ರಕರಣ ಬೇರೆ ಇಲ್ಲ. ಮೊದಲನೆಯ ವಿಲಿಯಂ ದ ವಾರೆನ್ ನಿಜಕ್ಕೂ 1066ರ ಹೇಸ್ಟಿಂಗ್ಸ್ ಕದನದಲ್ಲಿ, ಅಂದರೆ ಫ್ರಾನ್ಸಿನ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡಿನ ರಾಜ ಹೆರಾಲ್ಡ್‌ನನ್ನು ಸೋಲಿಸಿ ಆ ನಾಡಿನ ರಾಜನಾದ ಯುದ್ಧದಲ್ಲಿ, ಹೋರಾಡಿದವನು. ಆ ಯುದ್ಧದಲ್ಲಿದ್ದರೆಂದು ಸಮಕಾಲೀನರ ಬರಹದಿಂದ ಖಚಿತವಾಗಿ ಹೆಸರು ಹೇಳಬಹುದಾದ ಕೆಲವೇ ನಾರ್ಮನ್ನರಲ್ಲಿ ಅವನೊಬ್ಬ. ಇಪ್ಪತ್ತು ವರ್ಷಗಳ ನಂತರ, 1086ರಲ್ಲಿ, ಇಂಗ್ಲೆಂಡಿನ ಹತ್ತಕ್ಕೂ ಹೆಚ್ಚು ಕೌಂಟಿಗಳಲ್ಲಿ ಅವನ ಜಮೀನಿತ್ತು. ವಾರ್ಷಿಕ ಮೌಲ್ಯ ಸಾವಿರ ಪೌಂಡಿಗೂ ಮೀರಿತ್ತು. ರಾಜಕುಟುಂಬವನ್ನು ಬಿಟ್ಟರೆ ಇಂಗ್ಲೆಂಡಿನಲ್ಲಿ ಅಷ್ಟು ಆಸ್ತಿಯುಳ್ಳವರು ಬೆರಳೆಣಿಕೆಯಷ್ಟು ಮಂದಿ. ಆ ನೆಲದ ಒಂದೊಂದು ತುಂಡೂ ಅವನ ಕೈಗೆ ಹೇಗೆ ಬಂತೆಂದು ನೋಡುತ್ತ ಹೋದರೆ, ಕತ್ತಿಯ ಪಾಲು ಜನ ನಂಬಿರುವುದಕ್ಕಿಂತ ಬಹಳ ಕಡಿಮೆ ಎಂಬುದು ನನ್ನ ದೃಢ ಅಭಿಪ್ರಾಯ.

ಕಿರಿಯ ಮಗ

ವಾರೆನ್ ಎಂಬ ಹೆಸರು ಬಂದದ್ದು ಉತ್ತರ ನಾರ್ಮಂಡಿಯ ವಾರೆನ್ ನದಿಯ ದಂಡೆಯ ಒಂದು ಪುಟ್ಟ ಊರಿನಿಂದ. ತಂದೆ ರೊಡಲ್ಫ್ ಸಾಧಾರಣ ಅನುಕೂಲಸ್ಥ. ಪಿತ್ರಾರ್ಜಿತದ ಬಹುಪಾಲು ಅಣ್ಣನಿಗೆ ಹೋಯಿತು. ಕಿರಿಯ ಮಗನಿಗೆ ಉಳಿದ ದಾರಿ ಒಂದೇ, ಡ್ಯೂಕನ ಸೇವೆ. ಆಗ ನಾರ್ಮಂಡಿಯ ಡ್ಯೂಕನಾಗಿದ್ದವನು ಮುಂದೆ ಇಂಗ್ಲೆಂಡ್ ಗೆದ್ದ ವಿಲಿಯಂ.

ಮೊದಲ ಅವಕಾಶ 1054ರಲ್ಲಿ ಬಂತು. ಫ್ರಾನ್ಸಿನ ರಾಜ ಒಂದನೇ ಹೆನ್ರಿ ಎರಡು ದಿಕ್ಕಿನಿಂದ ನಾರ್ಮಂಡಿಯ ಮೇಲೆ ಏರಿ ಬಂದ. ಒಂದು ಸೈನ್ಯವನ್ನು ಮಾರ್ಟಮೇರ್ ಎಂಬಲ್ಲಿ ಅದು ಮೈಮರೆತಿದ್ದ ಹೊತ್ತಿನಲ್ಲಿ ನಾರ್ಮನ್ನರು ಮುತ್ತಿ ಮುರಿದರು. ಆ ಊರಿನ ಕೋಟೆಯ ಒಡೆಯ ರೋಜರ್ ಡ್ಯೂಕನ ಪಕ್ಷದಲ್ಲೇ ಕಾದಾಡಿದವನು, ಗೆದ್ದವನು. ಆದರೆ ಶತ್ರು ಪಾಳೆಯದ ಪ್ರಮುಖ, ಕ್ರೆಪಿಯ ರಾಲ್ಫ್, ಅವನಿಗೂ ಒಡೆಯನಾಗಿದ್ದ. ಎರಡು ಕಡೆ ನಿಷ್ಠೆಯ ಪ್ರಮಾಣ ಮಾಡಿದವನ ಇಕ್ಕಟ್ಟು ಇದು. ರೋಜರ್ ರಾಲ್ಫ್‌ನಿಗೆ ತನ್ನ ಕೋಟೆಯಲ್ಲಿ ಆಶ್ರಯ ಕೊಟ್ಟು, ಆಮೇಲೆ ಸುರಕ್ಷಿತವಾಗಿ ಸಾಗಹಾಕಿದ. ಡ್ಯೂಕ್ ಕೆರಳಿ ರೋಜರನನ್ನು ಗಡೀಪಾರು ಮಾಡಿ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡ. ಮುಂದೆ ರೋಜರನಿಗೆ ಕ್ಷಮೆ ಸಿಕ್ಕಿ ಜಮೀನು ಮರಳಿದರೂ ಮಾರ್ಟಮೇರ್ ಕೋಟೆ ಮಾತ್ರ ಮರಳಲಿಲ್ಲ. ಅದನ್ನು ಡ್ಯೂಕ್ ರೋಜರನ ಬಂಧುವೇ ಆದ ಯುವಕ ವಾರೆನ್‌ನಿಗೆ ಕೊಟ್ಟಿದ್ದ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವಾರೆನ್‌ನ ಮೊದಲ ದೊಡ್ಡ ಆಸ್ತಿ ಶತ್ರುವಿನಿಂದ ಕಸಿದದ್ದಲ್ಲ, ತನ್ನವರಿಂದಲೇ ಮುಟ್ಟುಗೋಲಾಗಿ ಬಂದದ್ದು. ಒಬ್ಬ ಬಂಧುವಿನ ತಪ್ಪು ಇನ್ನೊಬ್ಬ ಬಂಧುವಿನ ಏಳಿಗೆಯಾಯಿತು. ಒಡೆಯನ ಮರ್ಜಿ ಕೆಟ್ಟರೆ ಗೆದ್ದ ಸೇನಾನಿಯ ಮನೆಯೂ ಒಂದೇ ದಿನದಲ್ಲಿ ಕೈತಪ್ಪುತ್ತದೆ ಎಂಬುದನ್ನು ಅವನು ಇಷ್ಟು ಹತ್ತಿರದಿಂದ ನೋಡಿದ. ಮುಂದಿನ ಮೂವತ್ತನಾಲ್ಕು ವರ್ಷಗಳಲ್ಲಿ ಅವನ ನಿಷ್ಠೆ ಒಮ್ಮೆಯೂ ಅಲುಗಲಿಲ್ಲ. ಅಣ್ಣ, ತಮ್ಮ, ಮಗ ಎಂಬ ಭೇದವಿಲ್ಲದೆ ಸರದಾರರು ಪಕ್ಷ ಬದಲಿಸುತ್ತಿದ್ದ ಕಾಲದಲ್ಲಿ ಇದು ಅಪರೂಪ.

ಲೂಯಿಸ್ ಮತ್ತು ಅದರ ನೆರೆಹೊರೆ

ಹೇಸ್ಟಿಂಗ್ಸ್ ನಂತರದ ಮೊದಲ ವರ್ಷಗಳಲ್ಲಿ ರಾಜ ವಿಲಿಯಂ ದಕ್ಷಿಣ ಕರಾವಳಿಯ ಸಸೆಕ್ಸನ್ನು ಉತ್ತರ-ದಕ್ಷಿಣವಾಗಿ ಉದ್ದುದ್ದ ಪಟ್ಟಿಗಳಾಗಿ ಸೀಳಿ, ಒಂದೊಂದನ್ನೂ ಒಬ್ಬೊಬ್ಬ ನಂಬುಗೆಯ ಸರದಾರನಿಗೆ ಒಪ್ಪಿಸಿದ. ಪ್ರತಿ ಪಟ್ಟಿಗೂ ಒಂದು ಕೋಟೆ, ಸಮುದ್ರಕ್ಕೊಂದು ದಾರಿ. ನಾರ್ಮಂಡಿಗೆ ಹೋಗಿಬರುವ ರಾಜನ ಹಾದಿಯನ್ನು ಕಾಯುವುದು ಇದರ ಉದ್ದೇಶ. ಪೆವೆನ್ಸಿ ರಾಜನ ಮಲತಮ್ಮ ರಾಬರ್ಟ್‌ನಿಗೆ, ಅರಂಡೆಲ್ ಮಾಂಟ್‌ಗೊಮರಿಯ ರೋಜರ್‌ನಿಗೆ, ನಡುವಿನ ಲೂಯಿಸ್ ವಾರೆನ್‌ನಿಗೆ. ಊಸ್ ನದಿಯ ಮೇಲಿನ ಲೂಯಿಸ್‌ನಲ್ಲಿ ಅವನ ಕೋಟೆಗೆ ಒಂದರ ಬದಲು ಎರಡು ಮಣ್ಣಿನ ದಿಬ್ಬಗಳಿವೆ. ಇಂಗ್ಲೆಂಡಿನಲ್ಲಿ ಹೀಗಿರುವುದು ಬಹಳ ಅಪರೂಪ.

ಅಲ್ಲಿ ಅವನ ಕೈಗೆ ಬಂದ ಊರುಗಳ ಹಳೆಯ ಒಡೆಯರ ಹೆಸರು ನೋಡಿದರೆ ಆಶ್ಚರ್ಯವಾಗುತ್ತದೆ. ಡಿಚ್ಲಿಂಗ್ ನಾರ್ಮನ್ನರು ಬರುವ ಮೊದಲಿನ ಇಂಗ್ಲಿಷ್ ರಾಜ ಎಡ್ವರ್ಡ್‌ನದು. ಐಫರ್ಡ್ ರಾಣಿ ಎಡಿತ್‌ಳದು. ಹತ್ತು ಮಂದಿ ಕುರುಬರಿದ್ದ ಪ್ಯಾಚಮ್, ಮೊದಲು ಅರ್ಲ್ ಆಗಿದ್ದು ಆಮೇಲೆ ರಾಜನಾಗಿ ಹೇಸ್ಟಿಂಗ್ಸ್‌ನಲ್ಲಿ ಸತ್ತ ಹೆರಾಲ್ಡ್‌ನದು. ಫಾಲ್ಮರ್ ವಿಲ್ಟನ್ ಎಂಬಲ್ಲಿನ ಸನ್ಯಾಸಿನಿಯರ ಮಠದ ಮುಖ್ಯಸ್ಥೆಯದು. ರಾಜ, ರಾಣಿ, ಅರ್ಲ್, ಮಠ ಹೀಗೆ ಹಂಚಿಹೋಗಿದ್ದ ನೆಲ ಈಗ ಒಬ್ಬನೇ ಒಡೆಯನ ಕೆಳಗೆ ಬಂತು. ಇವನು ಇಲ್ಲಿನ ಯಾವ ಊರನ್ನೂ ಮುತ್ತಿಗೆ ಹಾಕಿ ಗೆದ್ದವನಲ್ಲ. ರಾಜ ಗೆದ್ದ, ರಾಜ ಕೊಟ್ಟ.

ನಮಗೆ ಇಷ್ಟೆಲ್ಲ ತಿಳಿದಿರುವುದು ಡೂಮ್ಸ್‌ಡೇ ಎಂಬ ಮಹಾ ಭೂದಾಖಲೆಯಿಂದ. 1085ರ ಕ್ರಿಸ್ಮಸ್ ಹೊತ್ತಿನಲ್ಲಿ ಗ್ಲಾಸ್ಟರ್‌ನಲ್ಲಿ ರಾಜ ಇದಕ್ಕೆ ಆಜ್ಞೆ ಮಾಡಿದ. ನಮ್ಮ ಪಹಣಿಯ ಹಾಗೆ ಒಡೆಯನಾರು, ಉಳುವವರೆಷ್ಟು, ನೆಲದ ಬಾಬತ್ತೇನು ಎಂದು ಊರೂರಿಗೂ ಬರೆದಿಟ್ಟ ಪುಸ್ತಕ ಅದು. ಅದರಲ್ಲಿ ಮೂರು ಕಾಲದ ಮೌಲ್ಯ ಸಿಗುತ್ತದೆ: ಎಡ್ವರ್ಡ್ ರಾಜನ ಕಾಲದಲ್ಲಿ ಎಷ್ಟು, ಹೊಸ ಒಡೆಯನ ಕೈಗೆ ಬಂದಾಗ ಎಷ್ಟು, ಈಗ ಎಷ್ಟು.

ಇಂದು ಲಕ್ಷಾಂತರ ಪ್ರವಾಸಿಗರು ಹೋಗುವ ಬ್ರೈಟನ್ ಆಗ ಬ್ರಿಸ್ಟೆಲ್ಮೆಸ್ಟೂನ್ ಎಂಬ ಮೀನುಗಾರರ ಹಳ್ಳಿ. ಅಲ್ಲಿನ ಮೂರು ಹಿಡುವಳಿಗಳೂ ವಾರೆನ್‌ನ ಅಧೀನ. ಅವುಗಳಲ್ಲಿ ಒಂದನ್ನು ರಾಲ್ಫ್ ಎಂಬುವನು ಅವನಿಂದ ಪಡೆದು ಅನುಭವಿಸುತ್ತಿದ್ದ. ಹಿಂದೆ ಅದನ್ನು ಬ್ರಿಕ್ಟ್ರಿಕ್ ಎಂಬ ಇಂಗ್ಲಿಷ್‌ನವನು ಅರ್ಲ್ ಗಾಡ್ವಿನ್‌ನಿಂದ ಪಡೆದಿದ್ದ. ಮೂರು ನೇಗಿಲಿನ ನೆಲ. ಹದಿನೆಂಟು ಒಕ್ಕಲು ಮನೆಯವರು, ಒಂಬತ್ತು ಬಡ ಗುಡಿಸಲಿನವರು, ಒಬ್ಬ ಜೀತದಾಳು. ಒಡೆಯನ ಸ್ವಂತ ಸಾಗುವಳಿಗೆ ಅರ್ಧ ನೇಗಿಲು. ಕಂದಾಯವಾಗಿ 4,000 ಹೆರಿಂಗ್ ಮೀನು. ಮೌಲ್ಯ ಮೊದಲು 8 ಪೌಂಡ್ 12 ಶಿಲ್ಲಿಂಗ್, ಆಮೇಲೆ 5 ಪೌಂಡ್, 1086ರಲ್ಲಿ 12 ಪೌಂಡ್.

ಈ ನಾಲ್ಕು ಸಾಲಿನಲ್ಲಿ ಇಡೀ ನಾರ್ಮನ್ ವಿಜಯದ ಲೆಕ್ಕವಿದೆ ಎಂದು ನಾನು ಭಾವಿಸುತ್ತೇನೆ. ಸೈನ್ಯ ಬಂದಿಳಿದು ಒಡೆಯರು ಬದಲಾದಾಗ ಮೌಲ್ಯ ಕುಸಿಯಿತು. ಸಸೆಕ್ಸ್‌ನ ಹಲವು ಊರುಗಳಲ್ಲಿ ಈ ಇಳಿತ ಕಾಣುತ್ತದೆ. ಇಪ್ಪತ್ತು ವರ್ಷಗಳಲ್ಲಿ ಅದು ಹಿಂದಿನ ಮಟ್ಟವನ್ನೂ ದಾಟಿ ಹೋಯಿತು. ನೆಲವಂತೂ ಹಿಗ್ಗಲಿಲ್ಲ. ಆ ಹೆಚ್ಚಿನ ಮೂರು ನಾಲ್ಕು ಪೌಂಡ್ ಅಲ್ಲಿನ ಇಪ್ಪತ್ತೆಂಟು ಮಂದಿ ಮತ್ತು ಪುಸ್ತಕ ಎಣಿಸದೆ ಬಿಟ್ಟ ಅವರ ಹೆಂಡಿರು ಮಕ್ಕಳ ದುಡಿಮೆಯಿಂದಲೇ ಬಂದಿರಬೇಕು. ಸರದಾರನ ಸಾವಿರ ಪೌಂಡಿನ ಆಸ್ತಿ ಎನ್ನುವಾಗ ಈ ಹಳ್ಳಿ ನನ್ನ ಕಣ್ಣ ಮುಂದೆ ಬರುತ್ತದೆ.

ಲೂಯಿಸ್ ಪೇಟೆಯ ಸುಂಕದ ವಿವರ ಇನ್ನೂ ಕಟುವಾದದ್ದು. ಪೇಟೆಯಲ್ಲಿ ಕುದುರೆ ಮಾರಿದವನು ಒಂದು ಪೆನ್ನಿ ಕೊಡಬೇಕು, ಕೊಂಡವನೂ ಒಂದು ಪೆನ್ನಿ. ಎತ್ತಿಗೆ ಅರ್ಧ ಪೆನ್ನಿ. ಮನುಷ್ಯನನ್ನು ಕೊಂಡರೆ ನಾಲ್ಕು ಪೆನ್ನಿ. ಗುಲಾಮರ ವ್ಯಾಪಾರ ದನದ ಸಂತೆಯ ಪಕ್ಕದಲ್ಲೇ, ಅದೇ ದರಪಟ್ಟಿಯಲ್ಲಿ ನಡೆಯುತ್ತಿತ್ತು. ಈ ಪದ್ಧತಿ ನಾರ್ಮನ್ನರು ತಂದದ್ದಲ್ಲ, ಮೊದಲೇ ಇತ್ತು.

ಬದಲಿ ಭೂಮಿ

ವಾರೆನ್‌ನ ಆಸ್ತಿಯ ಅತ್ಯಂತ ಕುತೂಹಲದ ಭಾಗ ಯುದ್ಧಕ್ಕೆ ಸಂಬಂಧಿಸಿದ್ದೇ ಅಲ್ಲ. 1070ರ ದಶಕದ ಆರಂಭದಲ್ಲಿ ರಾಜ ಸಸೆಕ್ಸ್‌ನ ಪಟ್ಟಿಗಳನ್ನು ಮರುಹೊಂದಿಸಿದ. ಬ್ರೋಸ್‌ನ ವಿಲಿಯಂ ಎಂಬ ಇನ್ನೊಬ್ಬ ಸರದಾರನಿಗೆ ಬ್ರಾಂಬರ್ ಎಂಬ ಹೊಸ ಪಟ್ಟಿ ಸೃಷ್ಟಿಯಾಯಿತು. ಅದಕ್ಕೆ ಪಶ್ಚಿಮದ ಕಡೆಯಿಂದ ವಾರೆನ್‌ನ ಊರುಗಳನ್ನು ಕತ್ತರಿಸಿ ಕೊಡಲಾಯಿತು. ಪೂರ್ವದಲ್ಲಿ ಪೆವೆನ್ಸಿಯ ರಾಬರ್ಟ್‌ನ ಕಡೆಗೂ ಕೆಲವು ಹೋದವು.

ತನ್ನ ಕೈಯಲ್ಲಿದ್ದ ನೆಲ ಹೀಗೆ ಹೋದಾಗ ವಾರೆನ್ ದಂಗೆ ಏಳಲಿಲ್ಲ, ಬದಲಿ ಪಡೆದ. ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಮತ್ತು ಸಫೋಕ್ ಕೌಂಟಿಗಳ ಡೂಮ್ಸ್‌ಡೇ ಪುಟಗಳಲ್ಲಿ ಅವನ ಹಲವು ಊರುಗಳ ಮುಂದೆ ‘ಲೂಯಿಸ್‌ನ ವಿನಿಮಯಕ್ಕಾಗಿ’ ಎಂಬ ಒಕ್ಕಣೆ ಮತ್ತೆ ಮತ್ತೆ ಬರುತ್ತದೆ. ಕತ್ತಿ ಎಲ್ಲಿಯೂ ಇಲ್ಲ. ಇದು ಸರ್ಕಾರಿ ವಿನಿಮಯ. ಇಲ್ಲಿ ಕಳೆದದ್ದಕ್ಕೆ ಅಲ್ಲಿ ಇಷ್ಟು ಎಂದು ಗುಮಾಸ್ತರು ಕೂತು ಬರೆದದ್ದು. ಆ ನೆಲ ತನ್ನದು ಎನ್ನುವುದಕ್ಕೆ ವಾರೆನ್‌ನ ಕೈಯಲ್ಲಿದ್ದ ಆಧಾರವೂ ಆ ವಿನಿಮಯವೇ.

ಪೂರ್ವದ ಇನ್ನೊಂದು ಕಂತು ಹೆಂಡತಿಯ ಕಡೆಯಿಂದ ಬಂತು. ಅವನ ಪತ್ನಿ ಗುಂಡ್ರಾಡಾ ಫ್ಲಾಂಡರ್ಸ್ ನಾಡಿನವಳು, ಕೆಲಕಾಲ ಚೆಸ್ಟರ್‌ನ ಅರ್ಲ್ ಆಗಿದ್ದ ಗೆರ್ಬೋಡ್‌ನ ತಂಗಿ. ಅವಳು ವಿಜೇತ ವಿಲಿಯಂನ ಮಗಳೇ ಎಂದು ಬಹುಕಾಲ ನಂಬಲಾಗಿತ್ತು. ಲೂಯಿಸ್ ಮಠದವರ ದಾಖಲೆಗಳೇ ಆ ನಂಬಿಕೆಗೆ ಕುಮ್ಮಕ್ಕು ಕೊಟ್ಟಿದ್ದವು, ಹತ್ತೊಂಬತ್ತನೇ ಶತಮಾನದಲ್ಲಿ ವಿದ್ವಾಂಸರು ಅದಕ್ಕಾಗಿ ಕಾದಾಡಿದರು. ಅದು ನಿಜವಲ್ಲ. ಅವಳ ಮಗನಿಗೆ ವಿಜೇತನ ಮಗನಾದ ಇಂಗ್ಲೆಂಡಿನ ರಾಜ ಒಂದನೇ ಹೆನ್ರಿಯ ಮಗಳನ್ನು ತರುವ ಮಾತು ನಡೆದಾಗ ಆರ್ಚ್‌ಬಿಷಪ್ ಆನ್ಸೆಲ್ಮ್ ರಕ್ತಸಂಬಂಧದ ಕಾರಣಕ್ಕೆ ಬೇಡವೆಂದ. ಅವನು ಎಣಿಸಿದ ಸಂಬಂಧ ನಾಲ್ಕು ಮತ್ತು ಆರು ತಲೆಮಾರಿನಷ್ಟು ದೂರದ್ದು. ಗುಂಡ್ರಾಡಾ ವಿಜೇತನ ಮಗಳಾಗಿದ್ದರೆ ವಧೂವರರ ಅಪ್ಪ-ಅಮ್ಮ ಒಡಹುಟ್ಟಿದವರಾಗುತ್ತಿದ್ದರು, ಅಷ್ಟು ದೂರ ಎಣಿಸುವ ಅಗತ್ಯವೇ ಇರುತ್ತಿರಲಿಲ್ಲ.

ಅವಳ ಇನ್ನೊಬ್ಬ ಸಹೋದರ ಫ್ರೆಡೆರಿಕ್‌ನಿಗೆ ನಾರ್ಫೋಕ್ ಸುತ್ತಮುತ್ತ ಜಮೀನಿತ್ತು. ನಾರ್ಮನ್ನರ ವಿರುದ್ಧ ಈಲಿಯ ಜೌಗುಪ್ರದೇಶದಲ್ಲಿ ಹೋರಾಡಿದ ಇಂಗ್ಲಿಷ್ ವೀರ ಹೆರವರ್ಡ್ ಅವನನ್ನು ಕೊಂದ. ಆಸ್ತಿ ಭಾವನಾದ ವಾರೆನ್‌ನಿಗೆ ಸೇರಿತು. ಡೂಮ್ಸ್‌ಡೇ ಬರೆಯುವ ಹೊತ್ತಿಗೂ ಆ ಊರುಗಳನ್ನು ‘ಫ್ರೆಡೆರಿಕ್‌ನ ಹಿಡುವಳಿ’ ಎಂದೇ ಗುರುತಿಸುತ್ತಿದ್ದರು.

ಈ ಪೂರ್ವದ ನೆಲದ ಕೇಂದ್ರ ಕ್ಯಾಸಲ್ ಏಕರ್. ಹಿಂದೆ ಟೋಕಿ ಎಂಬುವನದಾಗಿದ್ದ ಊರು. 1970ರ ದಶಕದ ಉತ್ಖನನದಲ್ಲಿ ಅಲ್ಲಿ ಸಿಕ್ಕ ಮೊದಲ ಕಟ್ಟಡ ಕೋಟೆಯ ಗೋಪುರವಾಗಿರಲಿಲ್ಲ. ಸುತ್ತ ಹಗುರಾದ ದಿಣ್ಣೆಯ ಆವರಣವಿದ್ದ, ಕಲ್ಲಿನ ಒಂದು ವಿಶಾಲ ವಾಸದ ಮನೆ. ಅದನ್ನು ದಪ್ಪ ಗೋಡೆಯ ಕೋಟೆಯಾಗಿ ಮಾರ್ಪಡಿಸಿದ್ದು ಹನ್ನೆರಡನೇ ಶತಮಾನದ ಅಂತಃಕಲಹದ ಕಾಲದಲ್ಲಿ. ಸದಾ ಕತ್ತಿಯ ಮೇಲೆ ಕೈಯಿಟ್ಟು ಬದುಕುವವನು ಹೀಗೆ ಮನೆ ಕಟ್ಟಿಕೊಳ್ಳುವುದಿಲ್ಲ. ಗುಂಡ್ರಾಡಾ 1085ರ ಮೇ 27ರಂದು ಹೆರಿಗೆಯಲ್ಲಿ ತೀರಿಕೊಂಡದ್ದು ಈ ಊರಿನಲ್ಲೇ.

ಉತ್ತರದ ಕಾನಿಸ್‌ಬರೋ ಕೂಡ ರಾಜನ ಕೊಡುಗೆ. ಯಾರ್ಕ್‌ಶೈರಿನ ಈ ದೊಡ್ಡ ಎಸ್ಟೇಟ್ ಹಿಂದೆ ಹೆರಾಲ್ಡ್‌ನದಾಗಿತ್ತು. ಈಗ ಅಲ್ಲಿ ಕಾಣುವ ಭವ್ಯ ಕಲ್ಲಿನ ಗೋಪುರವನ್ನು ಕಟ್ಟಿಸಿದವನು ಇವನಲ್ಲ, ಒಂದು ಶತಮಾನದ ನಂತರ ಈ ಮನೆತನದ ಅಳಿಯನಾಗಿ ಬಂದ ಹಮೆಲಿನ್.

ಕತ್ತಿ ಹೊರಬಂದ ಸಂದರ್ಭಗಳು

ವಾರೆನ್ ಮೃದು ಸ್ವಭಾವದವನೆಂದು ಯಾರೂ ತಿಳಿಯಬೇಕಿಲ್ಲ. 1075ರಲ್ಲಿ ಪೂರ್ವ ಆಂಗ್ಲಿಯಾದ ಅರ್ಲ್ ರಾಲ್ಫ್ ಮತ್ತು ಹೆರೆಫರ್ಡ್‌ನ ಅರ್ಲ್ ರೋಜರ್ ದಂಗೆಯೆದ್ದಾಗ ರಾಜ ನಾರ್ಮಂಡಿಯಲ್ಲಿದ್ದ. ವಾರೆನ್ ಮತ್ತು ಗಿಲ್ಬರ್ಟನ ಮಗ ರಿಚರ್ಡ್ ರಾಜನ ಪರವಾಗಿ ಬಂಡುಕೋರರಿಗೆ ಸಮನ್ಸ್ ಕಳಿಸಿದರು. ಅವರು ಬರಲಿಲ್ಲ. ಸೈನ್ಯ ಕೂಡಿಸಿ ಕೇಂಬ್ರಿಜ್ ಸೀಮೆಯಲ್ಲಿ ರಾಲ್ಫ್‌ನನ್ನು ಸೋಲಿಸಿ, ಸೆರೆಸಿಕ್ಕವರನ್ನು ಮುಂದೆ ಗುರುತಿಸಲಿಕ್ಕೆಂದು ಅವರ ಬಲಗಾಲಿನ ಪಾದ ಕತ್ತರಿಸಿದರೆಂದು ಆರ್ಡೆರಿಕ್ ವಿಟಾಲಿಸ್ ಎಂಬ ಸನ್ಯಾಸಿ ಬರೆಯುತ್ತಾನೆ. ಆಮೇಲೆ ನಾರ್ವಿಚ್ ಕೋಟೆಗೆ ಮೂರು ತಿಂಗಳ ಮುತ್ತಿಗೆ ನಡೆಯಿತು. ಒಳಗಿದ್ದು ಕಾದಿದವಳು ರಾಲ್ಫ್‌ನ ನವವಧು ಎಮ್ಮಾ. ಸುರಕ್ಷಿತವಾಗಿ ಹೊರಹೋಗುವ ಷರತ್ತಿನ ಮೇಲೆಯೇ ಅವಳು ಕೋಟೆ ಬಿಟ್ಟುಕೊಟ್ಟಳು.

ಸ್ವಂತಕ್ಕಾಗಿ ಬಲ ಬಳಸಿದ ಉದಾಹರಣೆಯೂ ದಾಖಲಾಗಿದೆ, ಅದು ನನಗೆ ಹೆಚ್ಚು ಮುಖ್ಯ. ಹೆರಾಲ್ಡ್‌ನದಾಗಿದ್ದ ಕಿಂಬೋಲ್ಟನ್ ವಾರೆನ್‌ನಿಗೆ ಸೇರಿತ್ತು. ಅದರ ಹತ್ತಿರದ ಈಸ್ಟನ್‌ನಲ್ಲಿ ವಿಲಿಯಂ ಸ್ಪೆಕ್ ಎಂಬ ಸಣ್ಣ ನಾರ್ಮನ್ ಹಿಡುವಳಿದಾರನಿಗೆ ಅರ್ಧ ಹೈಡ್‌ನಷ್ಟು ಜಮೀನಿತ್ತು. ಹೈಡ್ ಎಂದರೆ ತೆರಿಗೆಗಾಗಿ ನೆಲವನ್ನು ಅಳೆಯುತ್ತಿದ್ದ ಮಾನ. ರಾಜನ ಆಜ್ಞಾಪತ್ರವಿಲ್ಲದೆ ವಾರೆನ್ ಅವನನ್ನು ಆ ನೆಲದಿಂದ ಎಬ್ಬಿಸಿದ, ಅವನ ಆಳುಗಳಿಂದ ಎರಡು ಕುದುರೆ ಕಿತ್ತುಕೊಂಡ, ಇನ್ನೂ ಹಿಂದಿರುಗಿಸಿಲ್ಲ ಎಂದು ಡೂಮ್ಸ್‌ಡೇ ಬೆಡ್‌ಫರ್ಡ್‌ಶೈರಿನ ಪುಟದಲ್ಲಿ ಹೇಳುತ್ತದೆ. ಸಾಕ್ಷಿ ಹೇಳಿದವರು ಆ ಸೀಮೆಯ ಜನರೇ. ಇಂಗ್ಲೆಂಡಿನ ಮಹಾ ಧನಿಕರಲ್ಲಿ ಒಬ್ಬ ಅರ್ಧ ಹೈಡಿಗೂ ಎರಡು ಕುದುರೆಗೂ ಕೈಚಾಚಿದ್ದು ಬೇಸರ ಹುಟ್ಟಿಸುತ್ತದೆ. ಅವನ ಎದುರು ಊರಿನ ಜನ ನಿಂತು ಸಾಕ್ಷಿ ಹೇಳಿದ್ದು, ರಾಜನ ಗುಮಾಸ್ತ ಅದನ್ನು ಮುಚ್ಚಿಡದೆ ಬರೆದದ್ದು ಅಷ್ಟೇ ಗಮನಾರ್ಹ. ಕತ್ತಿಯಿಂದ ಪಡೆದದ್ದು ಆ ಪುಸ್ತಕದ ಕಣ್ಣಿನಲ್ಲಿ ಹಕ್ಕಾಗಿರಲಿಲ್ಲ, ಅಪರಾಧವಾಗಿತ್ತು.

ದತ್ತಿ ಮತ್ತು ಶಾಪ

ವಾರೆನ್ ದಂಪತಿ ರೋಮ್ ಯಾತ್ರೆಗೆ ಹೊರಟು, ಪೋಪ್ ಮತ್ತು ಚಕ್ರವರ್ತಿಯ ಕಲಹದಿಂದಾಗಿ ಮುಂದೆ ಹೋಗಲಾಗದೆ ಬರ್ಗಂಡಿಯ ಕ್ಲೂನಿ ಮಠದಲ್ಲಿ ತಂಗಿದರು. ಅಲ್ಲಿನ ಶಿಸ್ತಿಗೆ ಮನಸೋತು, ಕ್ಲೂನಿಯಿಂದ ಸನ್ಯಾಸಿಗಳನ್ನು ಬೇಡಿ ಕರೆಸಿ 1077ರಲ್ಲಿ ಲೂಯಿಸ್‌ನಲ್ಲಿ ಸಂತ ಪ್ಯಾಂಕ್ರಾಸ್ ಮಠ ಸ್ಥಾಪಿಸಿದರು. ಇಂಗ್ಲೆಂಡಿನ ಮೊದಲ ಕ್ಲೂನಿ ಪಂಥದ ಮಠ ಇದು, ಲ್ಯಾಂಜೋ ಮೊದಲ ಮುಖ್ಯಸ್ಥ. ಯಾತ್ರೆಯ ಕಥೆ ಹೇಳುವ ಸನ್ನದು ನಂತರದ ಕಾಲದಲ್ಲಿ ತಯಾರಾದದ್ದೆಂದು ವಿದ್ವಾಂಸರು ಹೇಳುತ್ತಾರೆ. ಮಠದ ಸ್ಥಾಪನೆಯ ಬಗ್ಗೆ ಮಾತ್ರ ಸಂದೇಹವಿಲ್ಲ.

ದತ್ತಿ ಕೊಟ್ಟ ಊರುಗಳಲ್ಲಿ ಒಂದು ಫಾಲ್ಮರ್. ವಿಲ್ಟನ್ನಿನ ಸನ್ಯಾಸಿನಿಯರ ಕೈತಪ್ಪಿದ ಅದೇ ಫಾಲ್ಮರ್. ಒಂದು ಮಠದ ನೆಲದಿಂದ ಇನ್ನೊಂದು ಮಠಕ್ಕೆ ಪುಣ್ಯದಾನ ಮಾಡಿದಂತಾಯಿತು. ಅವನ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಆ ಸನ್ಯಾಸಿನಿಯರಿಗೆ ಇದು ಹೇಗೆ ಕಂಡಿರಬಹುದು ಎಂದು ಕೇಳದೆ ಇರಲಾಗದು. ಈಲಿ ಮಠದವರಂತೂ ತಮ್ಮ ಜಮೀನು ಅವನಲ್ಲಿ ಸಿಕ್ಕಿಕೊಂಡಿದೆ ಎಂಬ ಸಿಟ್ಟನ್ನು ಮರೆಯಲೇ ಇಲ್ಲ. ಅವನು ಸತ್ತ ರಾತ್ರಿ ಅವನ ಆತ್ಮವನ್ನು ದೆವ್ವಗಳು ಎಳೆದೊಯ್ಯುವಾಗಿನ ಕೂಗು ತಮ್ಮ ಮಠಾಧಿಪತಿಗೆ ಕೇಳಿಸಿತೆಂದೂ, ವಿಧವೆಯಾದ ಅವನ ಎರಡನೆಯ ಪತ್ನಿ ಕಳಿಸಿದ ನೂರು ಶಿಲ್ಲಿಂಗನ್ನು ತಾವು ಮುಟ್ಟಲಿಲ್ಲವೆಂದೂ ಅವರ ಮಠದ ಚರಿತ್ರೆ ಹೇಳುತ್ತದೆ. ನ್ಯಾಯಾಲಯದಲ್ಲಿ ಗೆಲ್ಲಲಾಗದವರು ನೆನಪಿನಲ್ಲಿ ತೀರ್ಪು ಕೊಟ್ಟರು.

ಕೊನೆಯ ನಿಷ್ಠೆ ಮತ್ತು ಆಸ್ತಿಯ ಗತಿ

ವಿಜೇತ ವಿಲಿಯಂ 1087ರಲ್ಲಿ ಸತ್ತ. ಮರುವರ್ಷ ಬಿಷಪ್ ಓಡೋ ಮತ್ತು ವಾರೆನ್‌ನ ನೆರೆಯ ಪೆವೆನ್ಸಿಯ ರಾಬರ್ಟ್, ಹೊಸ ರಾಜ ವಿಲಿಯಂ ರೂಫಸ್ ವಿರುದ್ಧ ಅವನ ಅಣ್ಣ, ನಾರ್ಮಂಡಿಯ ಡ್ಯೂಕ್ ರಾಬರ್ಟ್‌ನ ಪರವಾಗಿ ಎದ್ದರು. ಇಂಗ್ಲೆಂಡ್, ನಾರ್ಮಂಡಿ ಎರಡರಲ್ಲೂ ಜಮೀನಿದ್ದವರಿಗೆ ಇಬ್ಬರು ಒಡೆಯರು ನುಂಗಲಾರದ ತುತ್ತು, ಹಾಗಾಗಿ ಬಹಳ ಮಂದಿ ಬಂಡಾಯದ ಕಡೆ ವಾಲಿದರು. ವಾರೆನ್ ಮಾತ್ರ ಅಭಿಷಿಕ್ತ ರಾಜನ ಪಕ್ಷದಲ್ಲಿ ನಿಂತ, ಸರ್ರೆಯ ಅರ್ಲ್ ಪದವಿ ಪಡೆದ. ಪೆವೆನ್ಸಿ ಮುತ್ತಿಗೆಯಲ್ಲಿ ಕಾಲಿಗೆ ಬಾಣ ನಾಟಿತು. ಲೂಯಿಸ್‌ಗೆ ಹೊತ್ತು ತಂದರು. 1088ರ ಜೂನ್ 24ರಂದು ತೀರಿಕೊಂಡು ಪತ್ನಿಯ ಪಕ್ಕದಲ್ಲಿ ಸಮಾಧಿಯಾದ. ಮಠ ಹದಿನಾರನೇ ಶತಮಾನದಲ್ಲಿ ನೆಲಸಮವಾಯಿತು. 1845ರಲ್ಲಿ ಆ ಜಾಗದಲ್ಲಿ ರೈಲು ಮಾರ್ಗ ಅಗೆಯುವಾಗ ಇಬ್ಬರ ಹೆಸರು ಕೊರೆದ ಸೀಸದ ಪೆಟ್ಟಿಗೆಗಳು, ಒಳಗೆ ಅಸ್ಥಿಗಳು ಸಿಕ್ಕವು. ಈಗ ಅವು ಸಮೀಪದ ಸೌತೋವರ್ ಚರ್ಚಿನಲ್ಲಿವೆ.

ಮಗ ಎರಡನೆಯ ವಿಲಿಯಂಗೆ ಇಂಗ್ಲೆಂಡಿನ ಆಸ್ತಿ ಬಂತು, ಇನ್ನೊಬ್ಬ ಮಗ ರೆಜಿನಾಲ್ಡ್‌ಗೆ ತಾಯಿಯ ಫ್ಲಾಂಡರ್ಸ್ ನೆಲ. 1101ರಲ್ಲಿ ಈ ಎರಡನೆಯ ವಿಲಿಯಂ ತಂದೆ ಮಾಡದ ಕೆಲಸ ಮಾಡಿದ. ರೂಫಸ್‌ನ ನಂತರ ಇಂಗ್ಲೆಂಡಿನ ರಾಜನಾದ ಒಂದನೇ ಹೆನ್ರಿಯ ವಿರುದ್ಧ ಅವನ ಅಣ್ಣ ಡ್ಯೂಕ್ ರಾಬರ್ಟ್‌ನ ಪಕ್ಷ ಸೇರಿ ಇಂಗ್ಲೆಂಡಿನ ಎಲ್ಲವನ್ನೂ ಕಳೆದುಕೊಂಡ. ಎರಡು ವರ್ಷದ ನಂತರ ರಾಬರ್ಟ್ ತಾನೇ ತಮ್ಮನಲ್ಲಿ ಬೇಡಿಕೊಂಡ ಮೇಲೆ ಅವು ಮರಳಿ ಬಂದವು. ಮತ್ತೆ ಆತ ದಾರಿ ತಪ್ಪಲಿಲ್ಲ. 1204ರಲ್ಲಿ ಫ್ರಾನ್ಸಿನ ರಾಜ ನಾರ್ಮಂಡಿಯನ್ನು ವಶಪಡಿಸಿಕೊಂಡಾಗ ಮನೆತನದ ಮೂಲ ನೆಲವೇ ಹೋಯಿತು, ಅದಕ್ಕೆ ಬದಲಾಗಿ ರಾಜ ಜಾನ್ ಸ್ಟ್ಯಾಮ್‌ಫರ್ಡ್ ಮತ್ತು ಗ್ರ್ಯಾಂಥಮ್ ಊರುಗಳನ್ನು ಕೊಟ್ಟ. ತುಕ್ಕು ಕತ್ತಿಯ ಅರ್ಲ್ ಜಾನ್ ಹುಟ್ಟುವ ಮೊದಲೇ ಈ ಎರಡನೇ ವಿನಿಮಯ ಮುಗಿದಿತ್ತು. ಅವನ ಮೊಮ್ಮಗ 1347ರಲ್ಲಿ ಕಾನೂನುಬದ್ಧ ಸಂತಾನವಿಲ್ಲದೆ ಸತ್ತ. ಲೂಯಿಸ್ ಮತ್ತು ಕ್ಯಾಸಲ್ ಏಕರ್ ಸೋದರಳಿಯನಾದ ಅರಂಡೆಲ್‌ನ ಅರ್ಲ್‌ಗೆ ಸೇರಿದವು, ಕಾನಿಸ್‌ಬರೋ ರಾಜನ ಕೈಗೆ ಮರಳಿ ಅವನ ಮಗ ಎಡ್ಮಂಡ್‌ನ ಪಾಲಾಯಿತು.